ಕೈಗೆ ಬಂದರೆ ಮಾತ್ರ ಪಠ್ಯಪುಸ್ತಕ

ಕರಾವಳಿಯಲ್ಲಿ ಶಾಲೆಯೂ ಮಳೆಗಾಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಆರಂಭವಾಗುತ್ತವೆ. ಮೇ ಕೊನೆಗೆ ತರಗತಿಗಳ ಬಾಗಿಲು ತೆರೆಯುವುದಕ್ಕೂ ಜೂನ್ ಮೊದಲ ಭಾಗದಲ್ಲಿ ಮುಂಗಾರು ಕಾರವಾರದ ಕಡಲಂಚನ್ನು ಮುಟ್ಟುವುದಕ್ಕೂ ನಡುವೆ ಇರುವುದು ಕೆಲವೇ ದಿನ. ಹೀಗಾಗಿ ‘ಪಠ್ಯಪುಸ್ತಕ ಸರಬರಾಜು ಹದಿನೈದು ದಿನ ವಿಳಂಬ’ ಎಂಬುದು ಬೆಂಗಳೂರಿನ ಕಡತದಲ್ಲಿ ಒಂದು ಸಾಲಿನ ಟಿಪ್ಪಣಿಯಾದರೆ, ಅಂಕೋಲಾ ತಾಲ್ಲೂಕಿನ ಅಚವೆ, ಹಿಲ್ಲೂರಿನ ಕಡೆಯ ಅಥವಾ ಕಾರವಾರ ತಾಲ್ಲೂಕಿನ ದೇವಳಮಕ್ಕಿ, ಗೋಟೆಗಾಳಿಯ ಕಡೆಯ ಮುಖ್ಯೋಪಾಧ್ಯಾಯರಿಗೆ ಅದು ಒಣ ರಸ್ತೆಗೂ ಕೆಸರು ರಸ್ತೆಗೂ ಇರುವ ವ್ಯತ್ಯಾಸ. ಲಾರಿ ತಾಲ್ಲೂಕು ಕೇಂದ್ರದವರೆಗೆ ಬರುತ್ತದೆ. ಅಲ್ಲಿಂದ ಮುಂದೆ ಪುಸ್ತಕದ ಕಟ್ಟುಗಳನ್ನು ಬಾಡಿಗೆ ಟೆಂಪೊದಲ್ಲಿಯೋ ಆಟೊದಲ್ಲಿಯೋ, ಪ್ಲಾಸ್ಟಿಕ್ ಹಾಳೆ ಹೊದಿಸಿ ಸಾಗಿಸಬೇಕು. ಈ ಕೊನೆಯ ಹತ್ತಿಪ್ಪತ್ತು ಕಿಲೋಮೀಟರ್‌ಗಳ ಬಗ್ಗೆ ಯಾವ ಕಾಯ್ದೆಯೂ ಮಾತನಾಡುವುದಿಲ್ಲ.

ಜಿಲ್ಲಾ ಆಡಳಿತದಲ್ಲಿ ದುಡಿದು ನಿವೃತ್ತನಾದವನಿಗೆ ಇಂಥ ಸಣ್ಣ ಸಂಗತಿಗಳೇ ಹೆಚ್ಚು ನೆನಪಿರುತ್ತವೆ. ಅವುಗಳನ್ನು ಈಗ ಬರೆಯಲು ಕಾರಣವೂ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪಠ್ಯಪುಸ್ತಕಗಳ ಕುರಿತ ಭಾಗದ ಕೊನೆಗೆ ಒಂದು ವಾಕ್ಯವಿದೆ. ಎಲ್ಲ ರಾಜ್ಯಗಳೂ ಎನ್‌ಸಿಇಆರ್‌ಟಿಯೂ ಎಲ್ಲ ಪಠ್ಯಪುಸ್ತಕಗಳನ್ನು ಜಾಲತಾಣದಿಂದ ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದಾದ ರೂಪದಲ್ಲಿ ಒದಗಿಸಬೇಕು. ಅದರಿಂದ ಪರಿಸರ ಉಳಿಯುತ್ತದೆ, ಸಾಗಣೆಯ ಹೊರೆಯೂ ತಗ್ಗುತ್ತದೆ ಎಂಬುದು ಅದರ ತಾತ್ಪರ್ಯ. ನೀತಿಯ ಇತರ ಅಂಶಗಳ ಬಗ್ಗೆ ರಾಜ್ಯದಲ್ಲಿ ಬೇಕಾದಷ್ಟು ಗದ್ದಲ ನಡೆದಿದೆ. 2021ರಲ್ಲಿ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿದವರಲ್ಲಿ ನಾವೇ ಮೊದಲಿಗರು. 2023ರಲ್ಲಿ ಅದು ಬೇಡವೆಂದು ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯದ್ದೇ ಆಯೋಗ ರಚಿಸಿದವರೂ ನಾವೇ. ಭಾಷೆ, ಮಾಧ್ಯಮ, ಪದವಿಯ ಅವಧಿ ಎಲ್ಲವೂ ಚರ್ಚೆಗೆ ಬಂದವು. ಸಾಗಣೆಯ ಹೊರೆ ತಗ್ಗಿಸುವ ಈ ವಾಕ್ಯ ಮಾತ್ರ ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. ಹೊರೆ ತಗ್ಗುವುದು ನಿಜ. ಯಾರದು ತಗ್ಗುತ್ತದೆ, ಯಾರ ಮೇಲೆ ಬೀಳುತ್ತದೆ ಎಂಬುದೇ ಪ್ರಶ್ನೆ.

ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಲಕ್ಷಾಂತರ ಪ್ರತಿ ಅಚ್ಚಾಗುವ ಪುಸ್ತಕದ ಪ್ರತಿಯೊಂದರ ವೆಚ್ಚ ಅತ್ಯಂತ ಕಡಿಮೆ. ಅದೇ ಪುಸ್ತಕವನ್ನು ಒಂದೊಂದಾಗಿ ಮುದ್ರಿಸಿಕೊಂಡರೆ ಅದು ಹಲವು ಪಟ್ಟು. ಅಂಕೋಲಾ ಬಸ್ ನಿಲ್ದಾಣದ ಬಳಿಯ ಯಾವುದೇ ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ ಎರಡೇ ರೂಪಾಯಿ ಎಂದು ಹಿಡಿದರೂ ನೂರೈವತ್ತು ಪುಟದ ಒಂದು ಪುಸ್ತಕಕ್ಕೆ 300 ರೂಪಾಯಿ. ಆರು ವಿಷಯಕ್ಕೆ 1,800 ರೂಪಾಯಿ. ಇಬ್ಬರು ಮಕ್ಕಳಿದ್ದರೆ ಅದರ ಎರಡರಷ್ಟು. ಸರ್ಕಾರ ಕೆಲವು ಹತ್ತು ರೂಪಾಯಿಗಳಲ್ಲಿ ಮಾಡಬಹುದಾದ ಕೆಲಸವನ್ನು ಬೇಲೇಕೇರಿಯ ಮೀನುಗಾರನೊಬ್ಬ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ, ಅಂದರೆ ಆದಾಯವೇ ಇಲ್ಲದ ಜೂನ್–ಜುಲೈನಲ್ಲಿ, ನೂರಾರು ರೂಪಾಯಿ ತೆತ್ತು ಮಾಡಬೇಕಾಗುತ್ತದೆ. ಮಾಡದಿದ್ದರೆ ಮಗು ಫೋನಿನ ಪರದೆಯಲ್ಲಿ ಓದಬೇಕು. ಫೋನು ತಂದೆಯ ಜೇಬಿನಲ್ಲಿರುತ್ತದೆ. ಸರ್ಕಾರದ ಲೆಕ್ಕಪತ್ರದಲ್ಲಿ ಇದು ಉಳಿತಾಯವೆಂದು ದಾಖಲಾಗುತ್ತದೆ. ವಾಸ್ತವದಲ್ಲಿ ವೆಚ್ಚ ಎಲ್ಲಿಯೂ ಹೋಗಿಲ್ಲ, ಹಿಗ್ಗಿ ಬಡವನ ಮನೆಗೆ ವರ್ಗಾವಣೆಯಾಗಿದೆ. ನನ್ನ ತಿಳಿವಳಿಕೆಯಲ್ಲಿ ಇದಕ್ಕಿಂತ ಹಿಮ್ಮುಖವಾದ ತೆರಿಗೆ ಇನ್ನೊಂದಿಲ್ಲ.

ಇದು ಊಹೆಯ ಮಾತಲ್ಲ. ಕೋವಿಡ್ ಕಾಲದಲ್ಲಿ ನಾಡೆಲ್ಲ ಇದರ ಪ್ರಯೋಗ ನೋಡಿದೆ. 2020ರಲ್ಲಿ ಶಾಲೆ ಮುಚ್ಚಿದಾಗ ವಠಾರಗಳಿಗೇ ಶಿಕ್ಷಕರನ್ನು ಕಳುಹಿಸುವ ‘ವಿದ್ಯಾಗಮ’ ಬಂತು, ಅಕ್ಟೋಬರ್‌ನಲ್ಲಿ ನಿಂತಿತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಪ್ರಸಾರವಾದವು. ಆನ್‌ಲೈನ್ ತರಗತಿ ಬೇಕೇ ಬೇಡವೇ ಎಂಬುದು ಹೈಕೋರ್ಟ್‌ವರೆಗೆ ಹೋಗಿ, ಸಣ್ಣ ಮಕ್ಕಳ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿದ್ದ ಸರ್ಕಾರಿ ಆದೇಶಗಳಿಗೆ 2020ರ ಜುಲೈನಲ್ಲಿ ತಡೆಯಾಜ್ಞೆ ಬಂತು. ನಗರದ ಖಾಸಗಿ ಶಾಲೆಗಳಿಗೆ ಅದು ಜೀವನ್ಮರಣದ ಪ್ರಶ್ನೆಯಾಗಿತ್ತು. ಉತ್ತರ ಕನ್ನಡದ ಘಟ್ಟದಡಿಯ ಹಳ್ಳಿಗಳಲ್ಲಿ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಚಿತ್ರಗಳು ಆ ದಿನಗಳ ಪತ್ರಿಕೆಗಳಲ್ಲಿವೆ. ಆ ವರ್ಷದ ‘ಅಸರ್’ ಸಮೀಕ್ಷೆ ದೇಶದ ಗ್ರಾಮೀಣ ಭಾಗದ ಬಗ್ಗೆ ಹೇಳಿದ್ದು ಹೀಗೆ: ಶಾಲೆಗೆ ದಾಖಲಾದ ಮಕ್ಕಳ ಪೈಕಿ ಸುಮಾರು ಶೇ 62ರಷ್ಟು ಮಂದಿಯ ಮನೆಯಲ್ಲಿ ಮಾತ್ರ ಸ್ಮಾರ್ಟ್‌ಫೋನ್ ಇತ್ತು, ಆದರೆ ತಮ್ಮ ತರಗತಿಯ ಪಠ್ಯಪುಸ್ತಕ ಶೇ 80ಕ್ಕೂ ಹೆಚ್ಚು ಮಕ್ಕಳ ಬಳಿ ಇತ್ತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಪುಸ್ತಕ ಹೊಂದಿದವರ ಪ್ರಮಾಣ ಸರ್ಕಾರಿ ಶಾಲೆಗಳಲ್ಲಿ ಶೇ 84, ಖಾಸಗಿ ಶಾಲೆಗಳಲ್ಲಿ ಶೇ 72. ಸರ್ಕಾರಿ ಶಾಲೆ ಖಾಸಗಿಯನ್ನು ಹಿಂದಿಕ್ಕಿದ ಅಪರೂಪದ ಅಂಕಿ ಇದು, ಮತ್ತು ಅದಕ್ಕೆ ಕಾರಣವಾದದ್ದು ಉಚಿತ ಮುದ್ರಿತ ಪುಸ್ತಕ ಹಂಚುವ ಹಳೆಯ ವ್ಯವಸ್ಥೆ. ಎಲ್ಲ ಬಾಗಿಲೂ ಮುಚ್ಚಿದ್ದಾಗ ಬಡ ಮಗುವಿನ ಮನೆಯಲ್ಲಿ ತೆರೆದಿದ್ದ ಶಾಲೆ ಅದೊಂದೇ.

ಮರುವರ್ಷ ಅದೂ ಕೈಕೊಟ್ಟಿತು. 2021ರಲ್ಲಿ ಮುದ್ರಣ ತಡವಾದಾಗ, ತೇರ್ಗಡೆಯಾದ ಮಕ್ಕಳಿಂದ ಹಿಂದಿನ ವರ್ಷದ ಪುಸ್ತಕಗಳನ್ನು ಮರಳಿ ಪಡೆದು ‘ಪುಸ್ತಕ ಬ್ಯಾಂಕ್’ ಮಾಡಿ ಕಿರಿಯರಿಗೆ ಕೊಡುವಂತೆ ಇಲಾಖೆ ಸೂಚಿಸಿತು. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಪ್ರತಿಗಳಿದ್ದವು. ಯಾವುದು ಹೆಚ್ಚು ಕೆಲಸಕ್ಕೆ ಬಂತು ಎಂದು ಯಾವ ಪ್ರಾಥಮಿಕ ಶಾಲಾ ಶಿಕ್ಷಕಿಯನ್ನು ಕೇಳಿದರೂ ಉತ್ತರ ಒಂದೇ. ಮಸಿ ಚೆಲ್ಲಿದ, ಮೂಲೆ ಮಡಿಸಿದ ಹಳೆಯ ಪುಸ್ತಕ ಅಕ್ಕನಿಂದ ತಮ್ಮನಿಗೆ ಬರುತ್ತದೆ. ಮುಗಿದುಹೋದ ಡೇಟಾ ಪ್ಯಾಕ್ ಯಾರಿಗೂ ಬರುವುದಿಲ್ಲ.

ಆದರೂ ಪ್ರತಿ ವರ್ಷ ಪುಸ್ತಕ ತಡವಾದಾಗ ಸಿದ್ಧ ಉತ್ತರ ಕೇಳಿಬರುತ್ತದೆ: ‘ಪಿಡಿಎಫ್ ಅಪ್‌ಲೋಡ್ ಮಾಡಿದ್ದೇವೆ, ಬೋಧನೆಗೆ ತೊಂದರೆಯಿಲ್ಲ.’ ಈ ಉತ್ತರ ಕಾನೂನಿನ ಪ್ರಕಾರ ತಪ್ಪೇ? ದುರದೃಷ್ಟವಶಾತ್, ತಪ್ಪೆಂದು ಖಚಿತವಾಗಿ ಹೇಳಲಾಗದು. ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರಡಿ ಕೇಂದ್ರ ರೂಪಿಸಿದ ಮಾದರಿ ನಿಯಮಗಳು ಸರ್ಕಾರಿ ಶಾಲೆಯ ಮಗುವಿಗೆ ಉಚಿತ ಪಠ್ಯಪುಸ್ತಕ, ಬರವಣಿಗೆಯ ಸಾಮಗ್ರಿ, ಸಮವಸ್ತ್ರಗಳ ಹಕ್ಕಿದೆ ಎನ್ನುತ್ತವೆ. ಕೊಡಬೇಕು ಎಂದಿದೆ, ಯಾವಾಗ ಎಂದಿಲ್ಲ. ಪಠ್ಯಪುಸ್ತಕ ಎಂದಿದೆ, ಅದು ಮುದ್ರಿತವಾಗಿರಬೇಕು ಎಂದಿಲ್ಲ. 2010ರಲ್ಲಿ ಹಾಗೆ ಹೇಳುವ ಅಗತ್ಯ ಯಾರಿಗೂ ತೋಚಿರಲಿಕ್ಕಿಲ್ಲ. ಅನ್ನ ಎಂದರೆ ತಿನ್ನುವಂಥದ್ದು ಎಂದು ಯಾವ ಶಾಸನವೂ ವಿವರಿಸುವುದಿಲ್ಲವಷ್ಟೆ. ಆದರೆ ಇವತ್ತು ಕಡತಗಳ ಭಾಷೆಯಲ್ಲಿ ಜಾಲತಾಣದ ಕಡತವೂ ಪಠ್ಯಪುಸ್ತಕವೇ ಆಗಿಬಿಟ್ಟಿದೆ. ಇನ್ನೊಂದು ಕೊರತೆಯೂ ಉಂಟು. ಕಾಯ್ದೆಯ ವ್ಯಾಪ್ತಿ 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಎಂಟನೆಯ ತರಗತಿವರೆಗೆ. ಕರ್ನಾಟಕದಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಒಂಬತ್ತು ಹಾಗೂ ಹತ್ತನೆಯ ತರಗತಿಯವರಿಗೂ ಪುಸ್ತಕ ಉಚಿತವಾಗಿ ಸಿಗುತ್ತದೆ, ಸಂತೋಷ. ಆದರೆ ಅದು ಯೋಜನೆ. ಈ ಕಾಯ್ದೆ ಕೊಟ್ಟ ಹಕ್ಕಲ್ಲ. ಯೋಜನೆಗಳನ್ನು ಹಣಕಾಸು ಇಲಾಖೆಯ ಒಂದು ಸುತ್ತೋಲೆ ಹಿಗ್ಗಿಸಬಲ್ಲದು, ಕುಗ್ಗಿಸಬಲ್ಲದು. ಮಗು ಸಾರ್ವಜನಿಕ ಪರೀಕ್ಷೆಗೆ ಕೂರುವ ತರಗತಿಯಲ್ಲೇ ಅದರ ಪುಸ್ತಕ ಸರ್ಕಾರದ ಕೃಪೆಯ ಮೇಲೆ ನಿಂತಿದೆ.

ಆದ್ದರಿಂದ ಸರ್ಕಾರಿ ಶಾಲೆಯಲ್ಲಿ ಮುದ್ರಿತ ಪುಸ್ತಕಕ್ಕೆ ಶಾಸನದ ಬೆಂಬಲ ಬೇಕು ಎಂಬುದು ನನ್ನ ವಾದ. ಇದನ್ನು ಕೇಳಿದ ಕೂಡಲೇ ‘ಕಂಪ್ಯೂಟರ್ ವಿರೋಧಿ’ ಎಂಬ ಹಣೆಪಟ್ಟಿ ಬರುತ್ತದೆ. ಹಾಗಾಗಿ, ನಮಗಿಂತ ಎಷ್ಟೋ ಮುಂದೆ ಹೋದವರು ಏನು ಮಾಡಿದರು ಎಂಬುದನ್ನು ನೋಡುವುದು ಉಚಿತ. ತರಗತಿಗಳಲ್ಲಿ ಟ್ಯಾಬ್ಲೆಟ್‌ಗಳನ್ನು ಧಾರಾಳವಾಗಿ ತಂದ ಸ್ವೀಡನ್ 2023ರಲ್ಲಿ ಹೊರಳಿ ನಿಂತಿತು. ನಾಲ್ಕನೆಯ ತರಗತಿಯವರ ಓದಿನ ಸಾಮರ್ಥ್ಯ ಅಳೆಯುವ ‘ಪರ್ಲ್ಸ್’ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಆ ದೇಶದ ಸರಾಸರಿ ಅಂಕ 2016ರಲ್ಲಿ 555 ಇದ್ದದ್ದು 2021ಕ್ಕೆ 544ಕ್ಕೆ ಇಳಿದಿತ್ತು. ಪಠ್ಯಪುಸ್ತಕ ಖರೀದಿಗೆಂದೇ 2023ರಲ್ಲಿ 68.5 ಕೋಟಿ ಕ್ರೋನಾ, ಮುಂದಿನ ಎರಡು ವರ್ಷ ತಲಾ 50 ಕೋಟಿ ಕ್ರೋನಾ ತೆಗೆದಿರಿಸಲು ಸರ್ಕಾರ ನಿರ್ಧರಿಸಿತು. 2024ರ ತಿದ್ದುಪಡಿಯಿಂದ ಅಲ್ಲಿನ ಶಾಲಾ ಕಾಯ್ದೆಯಲ್ಲೇ ಪಠ್ಯಪುಸ್ತಕ ಎಂಬ ಮಾತಿಗೆ ಸ್ಪಷ್ಟ ಸ್ಥಾನ ಸಿಕ್ಕಿತು. ಅಂಕ ಇಳಿದದ್ದಕ್ಕೆ ಪರದೆಯೊಂದೇ ಕಾರಣವೆಂದು ಹೇಳುವುದು ಅವಸರದ ತೀರ್ಮಾನವಾದೀತು. ವಲಸೆ, ಸಾಂಕ್ರಾಮಿಕದ ಪರಿಣಾಮ ಇತ್ಯಾದಿಗಳೂ ಇವೆ. ನಾನು ಗಮನಿಸಬೇಕೆನ್ನುವುದು ಬೇರೆ. ಸ್ವೀಡನ್ನಿನ ಮಗುವಿಗೆ ಆಯ್ಕೆ ಇದ್ದದ್ದು ಒಳ್ಳೆಯ ಪರದೆ ಮತ್ತು ಒಳ್ಳೆಯ ಪುಸ್ತಕದ ನಡುವೆ. ಅಚವೆಯ ಮಗುವಿಗೆ ಇರುವ ಆಯ್ಕೆ ಪುಸ್ತಕ ಮತ್ತು ಬರಿಗೈಯ ನಡುವೆ. ಶಾಸನ ಅವರಿಗೇ ಬೇಕೆನಿಸಿದ್ದರೆ ನಮಗೆಷ್ಟು ಬೇಕು?

ಕಾರವಾರ–ಅಂಕೋಲಾ ಪ್ರದೇಶಕ್ಕೆ ಪಠ್ಯಪುಸ್ತಕದ ಮಹತ್ವ ಹೆಚ್ಚಲು ಇನ್ನೊಂದು ಕಾರಣ ಭಾಷೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಕಾರವಾರ ಬಂದರು ಹೊಸ ಒಡೆಯರಿಗೆ ಬೇಕಾಗಿತ್ತು; ಜೊತೆಗೆ ಮರಾಠಿಯ ಪ್ರಭಾವವೂ ಬಂತು. ಮುಂಬಯಿ ಪ್ರಾಂತ್ಯದ ಕನ್ನಡ ಭಾಗಗಳಲ್ಲಿ ಮರಾಠಿ ಶಾಲೆಗಳ ನಡುವೆ ಕನ್ನಡ ಶಾಲೆ ತಲೆಯೆತ್ತಲು ಡೆಪ್ಯುಟಿ ಚೆನ್ನಬಸಪ್ಪನವರಂಥವರು ಪಟ್ಟ ಪಾಡು ನಮ್ಮ ಶಿಕ್ಷಣ ಚರಿತ್ರೆಯ ದೊಡ್ಡ ಅಧ್ಯಾಯ. ಅವರೂ ವೆಂಕಟ ರಂಗೋ ಕಟ್ಟಿಯವರಂಥ ಸಮಕಾಲೀನರೂ ಮೊದಲು ಎದುರಿಸಿದ ಸಮಸ್ಯೆ ಕಟ್ಟಡವಲ್ಲ, ಮಕ್ಕಳ ಕೈಗೆ ಕೊಡಲು ಕನ್ನಡ ಪುಸ್ತಕಗಳಿರಲಿಲ್ಲ ಎಂಬುದು. ಅವರು ಕುಳಿತು ಬರೆದರು, ಅಚ್ಚು ಹಾಕಿಸಿದರು. ಕನ್ನಡ ಶಾಲೆ ನಿಂತದ್ದು ಆ ಅಚ್ಚಿನ ಪುಸ್ತಕದ ಮೇಲೆ.

ಇಂದಿಗೂ ಸದಾಶಿವಗಡ, ಮಾಜಾಳಿಯ ಕಡೆಯ ಮಗುವಿನ ಮನೆಮಾತು ಬಹುಪಾಲು ಕೊಂಕಣಿ. ಅಂಕೋಲೆಯ ಹಾಲಕ್ಕಿ ಕೊಪ್ಪಗಳಲ್ಲಿ ಮನೆಮಾತು ಕನ್ನಡವೇ ಆದರೂ ಪುಸ್ತಕದ ಕನ್ನಡಕ್ಕಿಂತ ಬಹಳ ಬೇರೆ. ಅದು ಬಡ ಭಾಷೆಯಲ್ಲ. ಅಕ್ಷರ ಕಲಿಯದೆಯೇ ನೂರಾರು ಹಾಡುಗಳನ್ನು ಕಂಠದಲ್ಲಿಟ್ಟುಕೊಂಡಿದ್ದ, 2025ರಲ್ಲಿ ನಮ್ಮನ್ನಗಲಿದ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಅದೇ ಸಮುದಾಯದವರು. ಮಾತಿಗೆ ಕೊರತೆಯಿಲ್ಲದ ಇಂಥ ಮನೆಗಳಲ್ಲಿ ಅಚ್ಚಿನ ಹಾಳೆಗೆ ಮಾತ್ರ ಕೊರತೆ. ಕ್ಯಾಲೆಂಡರ್, ಪಂಚಾಂಗ, ಪಡಿತರ ಚೀಟಿ ಬಿಟ್ಟರೆ ಓದಲಿಕ್ಕೆ ಇರುವುದು ಮಗು ಚೀಲದಲ್ಲಿ ತಂದ ಪುಸ್ತಕ. ಸಂಜೆ ಮಗು ಅದನ್ನು ಗಟ್ಟಿಯಾಗಿ ಓದುವಾಗ ಅಜ್ಜಿ ಕೇಳಿಸಿಕೊಳ್ಳುತ್ತಾಳೆ, ತಾಯಿ ಚಿತ್ರ ನೋಡುತ್ತಾಳೆ. ನಗರದ ಓದುಗರಿಗೆ ಇದು ಭಾವುಕತೆ ಎನಿಸಬಹುದು. ಆದರೆ ಮೊದಲ ತಲೆಮಾರಿನ ಓದುಗನ ಮನೆಯಲ್ಲಿ ಪಠ್ಯಪುಸ್ತಕವೇ ಗ್ರಂಥಾಲಯ.

ಸಣ್ಣ ಸಂಖ್ಯೆಯ ಪುಸ್ತಕಗಳ ಸ್ಥಿತಿ ಇನ್ನೂ ನಾಜೂಕಿನದು. ಕರ್ನಾಟಕದ ಶಾಲೆಗಳಲ್ಲಿ ಕೊಂಕಣಿಯನ್ನು ತೃತೀಯ ಭಾಷೆಯಾಗಿ ಕಲಿಯುವ ಅವಕಾಶ 2007ರಲ್ಲಿ ದೊರೆಯಿತು, ಕನ್ನಡ ಮತ್ತು ದೇವನಾಗರಿ ಎರಡೂ ಲಿಪಿಗಳಲ್ಲಿ. ಲಿಪಿಯ ಜಗಳ ಕಾರವಾರದಲ್ಲಿ ಎಷ್ಟು ಬಿಸಿಯಾಗಿತ್ತೆಂದರೆ, ಪುಸ್ತಕ ಅಚ್ಚಾಗುವುದೇ, ಆದರೆ ತಲುಪುವುದೇ ಎಂಬ ಪ್ರಶ್ನೆ ಹಿಂದೆ ಸರಿದಿತ್ತು. ಕೆಲವೇ ಸಾವಿರ ಅಥವಾ ಕೆಲವೇ ನೂರು ಪ್ರತಿ ಬೇಕಾಗುವ ಪುಸ್ತಕದ ಪ್ರತಿ ವೆಚ್ಚ ಸಹಜವಾಗಿಯೇ ಜಾಸ್ತಿ. ಮುದ್ರಕನಿಗೆ ಅದರಲ್ಲಿ ಲಾಭವಿಲ್ಲ, ಅಧಿಕಾರಿಗೆ ಅದರಲ್ಲಿ ಹೆಸರಿಲ್ಲ. ‘ಇದನ್ನು ಪಿಡಿಎಫ್‌ನಲ್ಲೇ ಕೊಡೋಣ’ ಎಂಬ ಟಿಪ್ಪಣಿ ಮೊದಲು ಬೀಳುವುದು ಇಂಥ ಪುಸ್ತಕದ ಕಡತದಲ್ಲೇ. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳವರು ಕನ್ನಡ ಪುಸ್ತಕ ತಡವಾಗುವ ಬಗ್ಗೆ ಪದೇ ಪದೇ ದೂರುತ್ತ ಬಂದಿದ್ದಾರೆ. ನಾವು ಅದನ್ನು ಸರಿಯಾಗಿಯೇ ಅನ್ಯಾಯ ಎನ್ನುತ್ತೇವೆ. ಕಾರವಾರದ ಕೊಂಕಣಿ ಹಾಗೂ ಮರಾಠಿ ಪುಸ್ತಕಗಳ ವಿಷಯದಲ್ಲೂ ಅದೇ ಅಳತೆಗೋಲು ಇರಬೇಕಲ್ಲವೇ?

ಮುದ್ರಿತ ಪುಸ್ತಕದ ಇನ್ನೊಂದು ಗುಣವನ್ನು ಆಡಳಿತದಲ್ಲಿದ್ದವರು ಬೇಗ ಗುರುತಿಸುತ್ತಾರೆ: ಅದು ದಾಖಲೆ. 2022ರ ಪಠ್ಯ ಪರಿಷ್ಕರಣೆಯ ವಿವಾದವನ್ನು ಓದುಗರು ಮರೆತಿರಲಾರರು. ಆಗ ಸರ್ಕಾರ ತಿದ್ದೋಲೆಗಳನ್ನು ಹೊರಡಿಸಬೇಕಾಯಿತು. 2023ರಲ್ಲಿ ಹೊಸ ಸರ್ಕಾರ ಕೆಲವು ಪಾಠ ಕೈಬಿಟ್ಟಾಗಲೂ ಅಚ್ಚಾಗಿದ್ದ ಪುಸ್ತಕಗಳನ್ನು ಹಿಂಪಡೆಯದೆ ಪೂರಕ ಪುಸ್ತಿಕೆ ಕೊಡಬೇಕಾಯಿತು. ಯಾವ ಪಕ್ಷ ಸರಿ ಎಂಬ ಚರ್ಚೆ ಇಲ್ಲಿ ಬೇಡ. ಎರಡೂ ಸರ್ಕಾರಗಳು ತಾವು ಏನನ್ನು ಬದಲಿಸಿದೆವು ಎಂಬುದನ್ನು ಕಾಗದದ ಮೇಲೆ ಜನರಿಗೆ ತೋರಿಸಬೇಕಾಯಿತು, ಏಕೆಂದರೆ ಹಿಂದಿನ ಪುಸ್ತಕ ಲಕ್ಷಾಂತರ ಮನೆಗಳಲ್ಲಿ ಇತ್ತು. ಅದೇ ವರ್ಷ ಎನ್‌ಸಿಇಆರ್‌ಟಿ ಪುಸ್ತಕಗಳಲ್ಲಿ, ಪ್ರಕಟಿತ ಪಟ್ಟಿಯಲ್ಲಿ ಇಲ್ಲದ ಕೆಲವು ಸಾಲುಗಳೂ ಮಾಯವಾಗಿದ್ದುದು ಬೆಳಕಿಗೆ ಬಂದದ್ದು ಹಳೆಯ ಪುಸ್ತಕವನ್ನೂ ಹೊಸದನ್ನೂ ಹೋಲಿಸಿದ್ದರಿಂದ. ಜಾಲತಾಣದ ಕಡತವನ್ನು ರಾತ್ರೋರಾತ್ರಿ ಬದಲಿಸಿದರೆ ಬೆಳಿಗ್ಗೆ ಹೋಲಿಸಲು ಏನು ಉಳಿದಿರುತ್ತದೆ?

ಪರಿಸರದ ವಾದಕ್ಕೆ ಉತ್ತರ ಹೇಳಲು ಉತ್ತರ ಕನ್ನಡದವರಿಗಿಂತ ಹೆಚ್ಚಿನ ಅರ್ಹತೆ ಯಾರಿಗೂ ಇಲ್ಲ. ದಾಂಡೇಲಿಯ ಕಾಗದ ಕಾರ್ಖಾನೆಗೆ ಈ ಜಿಲ್ಲೆಯ ಬಿದಿರು ದಶಕಗಳ ಕಾಲ ಅತ್ಯಲ್ಪ ದರಕ್ಕೆ ಹೋಯಿತು. ಅದರ ಪರಿಣಾಮವನ್ನು ಮಾಧವ ಗಾಡ್ಗೀಳರು ಅಧ್ಯಯನ ಮಾಡಿ ಬರೆದಿದ್ದಾರೆ. ಕಾಗದಕ್ಕೆ ಬೆಲೆಯಿದೆ ಎಂಬುದು ಇಲ್ಲಿನವರಿಗೆ ಗೊತ್ತು. ಆದರೆ ಕಾಗದ ಉಳಿಸಲು ಹೊರಟವರು ಜಾಹೀರಾತು, ಪೊಟ್ಟಣ, ಕಚೇರಿಯ ಮೂರು ಮೂರು ಪ್ರತಿಗಳಿಂದ ಆರಂಭಿಸದೆ ಒಂದನೆಯ ತರಗತಿಯ ಪುಸ್ತಕದಿಂದ ಆರಂಭಿಸುವುದು ವಿಚಿತ್ರ. ತೆರಿಗೆಯ ಸಂಗತಿಯನ್ನೂ ಇಲ್ಲೇ ಹೇಳಬೇಕು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ ತಯಾರಿಕೆಯ ಕಾಗದದ ಮೇಲೂ ತೆರಿಗೆ ಶೂನ್ಯವಾಯಿತು. ಆದರೆ ಪುಸ್ತಕ ಮುದ್ರಣಕ್ಕೆ ಬಳಸುವ ಸಾಮಾನ್ಯ ಕಾಗದದ ಮೇಲಿನ ತೆರಿಗೆ ಶೇ 12ರಿಂದ ಶೇ 18ಕ್ಕೆ ಏರಿತು. ಪುಸ್ತಕಕ್ಕೆ ತೆರಿಗೆಯೇ ಇಲ್ಲವಾದ್ದರಿಂದ ಕಾಗದಕ್ಕೆ ಕಟ್ಟಿದ ತೆರಿಗೆಯನ್ನು ಮುದ್ರಕ ಮರಳಿ ಪಡೆಯಲಾರ. ಅದು ಪುಸ್ತಕದ ಬೆಲೆಗೇ ಸೇರುತ್ತದೆ. ಬರೆಯುವ ಪುಸ್ತಕಕ್ಕೆ ರಿಯಾಯಿತಿ, ಓದುವ ಪುಸ್ತಕಕ್ಕೆ ದಂಡ. ಪಠ್ಯಪುಸ್ತಕ ಕೊಳ್ಳುವ ರಾಜ್ಯ ಸರ್ಕಾರಗಳು ಜಿಎಸ್‌ಟಿ ಮಂಡಳಿಯಲ್ಲಿ ಈ ವಿಷಯವನ್ನು ಎತ್ತಬೇಕು.

ಚೀಲದ ಭಾರದ ಆಕ್ಷೇಪಕ್ಕೆ ರಾಜ್ಯ ಈಗಾಗಲೇ ಪರಿಹಾರ ಕಂಡುಕೊಂಡಿದೆ: ಪುಸ್ತಕಗಳನ್ನು ಎರಡು ಭಾಗ ಮಾಡುವುದು. ಒಳ್ಳೆಯದೇ. ಎರಡು ಭಾಗವೆಂದರೆ ಎರಡು ಬಾರಿ ತಡವಾಗುವ ಅವಕಾಶ ಎಂಬುದನ್ನು ಮಾತ್ರ ಮರೆಯಬಾರದು. ಪಾಠದ ಬದಿಯಲ್ಲಿ ಅಚ್ಚಾಗಿರುವ, ‘ದೀಕ್ಷಾ’ ವೇದಿಕೆಗೆ ಒಯ್ಯುವ ಕ್ಯೂಆರ್ ಸಂಕೇತವನ್ನೂ ನಾನು ಸ್ವಾಗತಿಸುತ್ತೇನೆ. ಫೋನಿದ್ದವರು ನೋಡಲಿ, ಶಿಕ್ಷಕರು ತರಗತಿಯಲ್ಲಿ ತೋರಿಸಲಿ. ಸಂಕೇತ ಪುಸ್ತಕದ ಮೇಲಿರುವುದು ಸರಿಯಾದ ಸಂಬಂಧ. ಪುಸ್ತಕದ ಬದಲಿಗೆ ಇರುವುದಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಕಡಿದಾಗ ಮುದ್ರಿತ ಪುಸ್ತಕ ಹೇಗೆ ತಲುಪೀತು ಎಂದು ಕೇಳುವವರಿದ್ದಾರೆ. 2021ರ ಜುಲೈನಲ್ಲಿ ಅರಬೈಲ್ ಘಟ್ಟದಲ್ಲಿ, 2024ರ ಜುಲೈ 16ರಂದು ಶಿರೂರಿನಲ್ಲಿ ಏನಾಯಿತೆಂದು ನಾಡಿಗೇ ಗೊತ್ತು. ಅಂಥ ದಿನಗಳಲ್ಲಿ ವಿದ್ಯುತ್ತೂ ಇರುವುದಿಲ್ಲ, ಸಿಗ್ನಲ್ಲೂ ಇರುವುದಿಲ್ಲ. ಮಳೆಗೆ ಮುನ್ನ ಪುಸ್ತಕ ತಲುಪಿರಬೇಕು ಎಂಬುದಕ್ಕೆ ಇದು ಇನ್ನೊಂದು ಕಾರಣವಷ್ಟೆ.

ಇದಕ್ಕೆಲ್ಲ ದೆಹಲಿಯತ್ತ ನೋಡಬೇಕಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 38ನೆಯ ಕಲಂ ರಾಜ್ಯಕ್ಕೆ ನಿಯಮ ರಚಿಸುವ ಅಧಿಕಾರ ಕೊಟ್ಟಿದೆ. ರಾಜ್ಯದ ನಿಯಮಗಳಿಗೆ ತಿದ್ದುಪಡಿ ತಂದು ‘ಮುದ್ರಿತ’ ಎಂಬ ಒಂದು ಪದವನ್ನೂ, ಶಾಲೆ ತೆರೆಯುವ ದಿನದೊಳಗೆ ಎಂಬ ಗಡುವನ್ನೂ ಸೇರಿಸಬಹುದು. ಒಂಬತ್ತು, ಹತ್ತನೆಯ ತರಗತಿಗಳಿಗೆ ಕರ್ನಾಟಕ ಶಿಕ್ಷಣ ಕಾಯ್ದೆಗೆ ತಿದ್ದುಪಡಿ ಬೇಕು, ಅದು ವಿಧಾನಮಂಡಲದ ಕೆಲಸ. ಗಡುವಿಗೆ ನಮ್ಮಲ್ಲೇ ಮಾದರಿ ಇದೆ. 2011ರ ಸಕಾಲ ಕಾಯ್ದೆ ಜಾತಿ ಪ್ರಮಾಣಪತ್ರಕ್ಕೂ ದಿನ ಗೊತ್ತುಮಾಡಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಅರ್ಜಿದಾರನಿಗೆ ಪರಿಹಾರ ಕೊಡಿಸುವ ವ್ಯವಸ್ಥೆ ಮಾಡಿತು. ಮೊತ್ತ ಅಲ್ಪ, ಆದರೆ ಅದು ಕರ್ತವ್ಯಲೋಪ ಮಾಡಿದ ನೌಕರನಿಂದ ವಸೂಲಾಗಬಲ್ಲದು ಎಂಬ ಅಂಜಿಕೆಯಿಂದಲೇ ಎಷ್ಟೋ ಕಡತಗಳು ಚಲಿಸಿದ್ದನ್ನು ಕಂಡಿದ್ದೇನೆ. ಪಠ್ಯಪುಸ್ತಕದ ವಿಳಂಬದಲ್ಲಿ ಮುಖ್ಯೋಪಾಧ್ಯಾಯರನ್ನೋ ಕ್ಷೇತ್ರ ಶಿಕ್ಷಣಾಧಿಕಾರಿಯನ್ನೋ ದಂಡಿಸಿದರೆ ಪ್ರಯೋಜನವಿಲ್ಲ, ವಿಳಂಬ ಹುಟ್ಟುವುದು ಅಲ್ಲಲ್ಲ. ಪಠ್ಯ ಬದಲಾವಣೆಯ ತೀರ್ಮಾನ ತಡವಾಗುತ್ತದೆ, ಅದರಿಂದ ಟೆಂಡರ್ ತಡವಾಗುತ್ತದೆ, ಅದರಿಂದ ಕಾಗದ. ಆದ್ದರಿಂದ ಬರುವ ಜೂನ್‌ಗೆ ಬೇಕಾದ ಪಠ್ಯವನ್ನು ಹಿಂದಿನ ವರ್ಷದ ಅಕ್ಟೋಬರ್ ನಂತರ ಮುಟ್ಟುವಂತಿಲ್ಲ ಎಂಬ ನಿರ್ಬಂಧವೂ ಅದೇ ನಿಯಮದಲ್ಲಿರಬೇಕು. ಯಾವ ಮಂತ್ರಿಗೂ ಇದು ರುಚಿಸಲಿಕ್ಕಿಲ್ಲ.

ಗೋಪಾಲಕೃಷ್ಣ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಇಂಪೀರಿಯಲ್ ಶಾಸನಸಭೆಯಲ್ಲಿ ಮಂಡಿಸಿದ್ದು 1911ರಲ್ಲಿ. ಮರುವರ್ಷ ಅದು ಬಿದ್ದುಹೋಯಿತು. ದುಡ್ಡೆಲ್ಲಿಂದ ಬರಬೇಕು ಎಂಬುದು ಆಗಿನ ಆಕ್ಷೇಪಗಳಲ್ಲಿ ಮುಖ್ಯವಾದದ್ದು. ಅವರ ಭಾರತ ಸೇವಕ ಸಮಾಜದ ಸದಸ್ಯರಾಗಿದ್ದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ, ಹೈಸ್ಕೂಲು ಕಾಣದ ಊರುಗಳಲ್ಲಿ ಹೈಸ್ಕೂಲು ತೆರೆದರು. ಅಂಕೋಲೆಯ ಕಾಲೇಜಿಗೆ ಗೋಖಲೆ ಶತಮಾನೋತ್ಸವದ ಹೆಸರಿಟ್ಟರು. ಗೋಖಲೆಯವರ ಮಸೂದೆಯ ಆಶಯ ಕಾಯ್ದೆಯಾಗಿ ಜಾರಿಗೆ ಬರಲು 2010ರವರೆಗೆ ಕಾಯಬೇಕಾಯಿತು. ಅದರ ನಿಯಮದಲ್ಲಿ ಒಂದು ಪದ, ಒಂದು ದಿನಾಂಕ ಸೇರಿಸಲು ಅಷ್ಟು ಕಾಲ ಬೇಕಿಲ್ಲ. ಪುಸ್ತಕ ಬಂದ ದಿನವನ್ನು ಪ್ರತಿ ಶಾಲೆಯ ಮುಖ್ಯೋಪಾಧ್ಯಾಯರು ದಾಸ್ತಾನು ವಹಿಯಲ್ಲಿ ಹೇಗೂ ಬರೆದಿಡುತ್ತಾರೆ. ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಆ ದಿನಾಂಕಗಳನ್ನು, ಶಾಲೆವಾರು, ವಿಷಯವಾರು, ಇಲಾಖೆ ಈ ವರ್ಷದಿಂದಲೇ ಪ್ರಕಟಿಸಲಿ. ಅದಕ್ಕೆ ಯಾವ ತಿದ್ದುಪಡಿಯೂ ಬೇಕಾಗಿಲ್ಲ.